ಲ್ಯಾಬ್‌ನಲ್ಲಿ ಮಾಡಿದ್ದು ಜನರ ಕೈಗೆ ತಲುಪಬೇಕಾ? ಹೀಗೆ ಮಾಡಿ

ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್ ಸಂಶೋಧನೆ ಮಾಡುವವರಲ್ಲಿ ಬಹಳ ಜನ ಪೇಪರ್ ಪ್ರಕಟವಾದ ಮೇಲೆ "ಇದನ್ನು ಯಾರು ಬಳಸ್ತಾರೆ?" ಅಂತ ಯೋಚಿಸುತ್ತಾರೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ವಿಷಯ ಆರಿಸುವಾಗಲೇ ಈ ಪ್ರಶ್ನೆ ಕೇಳಿ.

ಕೇಳಬೇಕಾದ್ದು ಗೈಡ್ ಹತ್ತಿರ ಮಾತ್ರ ಅಲ್ಲ, ಬಳಸುವವರ ಹತ್ತಿರ. ನೀರಿನ ಪಂಪ್ ಕೆಡುವ ಮುಂಚೆಯೇ ತಿಳಿಸುವ ಸೆನ್ಸರ್ ಮಾಡುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಪಂಪ್ ನೋಡಿಕೊಳ್ಳುವವರ ಜೊತೆ, ರಿಪೇರಿ ಮಾಡುವ ಮೆಕ್ಯಾನಿಕ್ ಜೊತೆ ಕೂತು ಅವರ ಕೆಲಸ ನೋಡಿ. "ನಿಮಗೆ ಇಂಥದ್ದು ಬೇಕಾ?" ಅಂದರೆ ಎಲ್ಲರೂ ಹೂಂ ಅಂತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಅದರ ಬದಲು "ಹೋದ ಸಲ ಕೆಟ್ಟಾಗ ಏನು ಮಾಡಿದ್ರಿ, ಎಷ್ಟು ದಿನ ನಿಂತಿತ್ತು, ದುಡ್ಡು ಯಾರು ಕೊಟ್ರು?" ಅಂತ ಕೇಳಿ. ನೀವು ನಿಖರತೆ ಇನ್ನೂ ಸ್ವಲ್ಪ ಜಾಸ್ತಿ ಮಾಡಲು ವರ್ಷಗಟ್ಟಲೆ ಒದ್ದಾಡುತ್ತಿರುತ್ತೀರಿ, ಅವರಿಗೆ ನೋಡಿದರೆ ಬ್ಯಾಟರಿ ಬದಲಾಯಿಸಲು ಇಡೀ ಪಂಪ್ ಬಿಚ್ಚಬೇಕಾಗಿರುವುದೇ ದೊಡ್ಡ ತಲೆನೋವಾಗಿರುತ್ತದೆ. ಆ ತಲೆನೋವೂ ಸಂಶೋಧನೆಯ ವಿಷಯವೇ. ನನ್ನ ಪ್ರಕಾರ ಎಷ್ಟೋ ಸಲ ಅದೇ ಒಳ್ಳೆಯ ವಿಷಯ.

ಆಮೇಲೆ, ನಿಮ್ಮ ಕೆಲಸ ಎಲ್ಲಿಗೆ ಬಂದಿದೆ ಅಂತ ಪ್ರಾಮಾಣಿಕವಾಗಿ ಅಳೆಯಿರಿ. ಇದಕ್ಕೆ ನಾಸಾ ರೂಪಿಸಿದ 1ರಿಂದ 9ರವರೆಗಿನ ತಂತ್ರಜ್ಞಾನ ಸಿದ್ಧತೆಯ ಮಟ್ಟಗಳಿವೆ. 1 ಅಂದರೆ ಮೂಲ ತತ್ವ ಗೊತ್ತಾಗಿದೆ ಅಷ್ಟೇ, 4ರಲ್ಲಿ ಅದು ಲ್ಯಾಬ್‌ನಲ್ಲಿ ಕೆಲಸ ಮಾಡುತ್ತದೆ, 9ರಲ್ಲಿ ನಿಜವಾದ ಬಳಕೆಯಲ್ಲಿ ಸೈ ಅನಿಸಿಕೊಂಡಿದೆ. ಯೂನಿವರ್ಸಿಟಿಯ ಬಹಳಷ್ಟು ಕೆಲಸ 4ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಅಲ್ಲಿಂದ ಮುಂದಿನ ಪರೀಕ್ಷೆಯಲ್ಲಿ ಹೊಸ ಪೇಪರ್ ಹುಟ್ಟುವುದು ಕಷ್ಟ, ಕಂಪನಿಗಳಿಗೆ ಇದು ಇನ್ನೂ ಹಸಿ ಅನಿಸುತ್ತದೆ. ಹಾಗಾಗಿ ಧೂಳು, ಬಿಸಿಲು, ಕೈಕೊಡುವ ಕರೆಂಟ್, ತರಬೇತಿ ಇಲ್ಲದ ಕೈಗಳು, ಇವೆಲ್ಲ ಇರುವ ಕಡೆ ಪರೀಕ್ಷೆ ಮಾಡಲು ಬೇಕಾದ ಹಣ ಮತ್ತು ಸಮಯವನ್ನು ಮೊದಲ ಪ್ರಾಜೆಕ್ಟ್ ಅರ್ಜಿಯಲ್ಲೇ ಬರೆಯಿರಿ.

ಪೇಟೆಂಟ್ ಬೇಕಾದರೆ ಪೇಪರ್‌ಗಿಂತ ಮೊದಲು ಅರ್ಜಿ ಹಾಕಿ. ವಿಷಯ ಮೊದಲೇ ಬಹಿರಂಗವಾದರೆ ಪೇಟೆಂಟ್ ಕೈತಪ್ಪಬಹುದು, ಸಮ್ಮೇಳನದ ಪೋಸ್ಟರ್ ಕೂಡ ಬಹಿರಂಗ ಮಾಡಿದ ಹಾಗೇ. ಅಮೆರಿಕದಲ್ಲಿ ಅದಾದ ಮೇಲೂ ಅರ್ಜಿ ಹಾಕಲು 1 ವರ್ಷದ ಅವಕಾಶ ಇದೆ, ಯುರೋಪಿನಲ್ಲಿ ಹೆಚ್ಚುಕಡಿಮೆ ಇಲ್ಲ.

ಆದರೆ ಎಲ್ಲದಕ್ಕೂ ಪೇಟೆಂಟ್ ಬೇಕಿಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿಯಲ್ಲಿ ಲ್ಯಾರಿ ನಾಗಲ್ ಮತ್ತು ಡೊನಾಲ್ಡ್ ಪೆಡರ್ಸನ್ ಅವರ ಗುಂಪು ಸರ್ಕ್ಯೂಟನ್ನು ಕಂಪ್ಯೂಟರ್‌ನಲ್ಲೇ ಪರೀಕ್ಷಿಸುವ ಸ್ಪೈಸ್ ಎಂಬ ಪ್ರೋಗ್ರಾಂ ಮಾಡಿ, ಅದರ ಕೋಡ್ ಎಲ್ಲರಿಗೂ ಸಿಗುವ ಹಾಗೆ ಹಂಚಿತು. ಅಲ್ಲಿ ಓದಿದವರು ಕೆಲಸಕ್ಕೆ ಸೇರಿದ ಕಡೆಯೆಲ್ಲ ಅದೂ ಹೋಯಿತು. ಇವತ್ತಿಗೂ ಚಿಪ್ ವಿನ್ಯಾಸ ಮಾಡುವವರು ಬಳಸುವುದು ಅದರ ವಂಶದ ಸಾಫ್ಟ್‌ವೇರ್‌ಗಳನ್ನೇ. ನಿಮ್ಮದು ಕೋಡ್, ಡೇಟಾ ಅಥವಾ ಅಳೆಯುವ ವಿಧಾನವಾಗಿದ್ದರೆ ಹಂಚುವುದೇ ವಾಸಿ, ಅಲ್ವಾ?

ಫಲ ಬೇಗ ಕಾಣದಿದ್ದರೆ ಎದೆಗುಂದಬೇಡಿ. ಜಾನ್ ಗುಡ್‌ಎನಫ್ ಅವರ ತಂಡ ಆಕ್ಸ್‌ಫರ್ಡ್‌ನಲ್ಲಿ ಲಿಥಿಯಂ ಬ್ಯಾಟರಿಗೆ ಕೋಬಾಲ್ಟ್ ಆಕ್ಸೈಡ್ ಕ್ಯಾಥೋಡ್ (ಪ್ಲಸ್ ಬದಿ) ತೋರಿಸಿದ್ದು 1980ರಲ್ಲಿ. ಸೋನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿದ್ದು 1991ರಲ್ಲಿ. ನಡುವೆ ಜಪಾನಿನಲ್ಲಿ ಅಕಿರಾ ಯೋಶಿನೊ ಆ ಕ್ಯಾಥೋಡ್‌ಗೆ ಕಾರ್ಬನ್ ಆನೋಡ್ (ಮೈನಸ್ ಬದಿ) ಜೋಡಿಸಿ ಸುರಕ್ಷಿತ ಬ್ಯಾಟರಿ ಮಾಡಿದರು. ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿತ್ತು.

ನಿಮ್ಮದೂ ದಾಟಬೇಕಾದರೆ ಪಿಎಚ್‌ಡಿ ಮುಗಿಸಿ ಹೊರಡುವ ಮುಂಚೆ ವೈರಿಂಗ್ ಚಿತ್ರ, ಬಿಡಿಭಾಗಗಳ ಪಟ್ಟಿ, ಕೋಡ್, ಕೆಲಸ ಮಾಡದೇ ಹೋದ ಪ್ರಯೋಗಗಳು, ಎಲ್ಲವನ್ನೂ ಬರೆದಿಡಿ. ಆಮೇಲೆ ಆ ಪ್ರಾಜೆಕ್ಟ್ ಗೊತ್ತೇ ಇಲ್ಲದ ಒಬ್ಬ ಜೂನಿಯರ್‌ಗೆ ಕೊಟ್ಟು, ನೀವು ಬಾಯಿ ಬಿಡದೆ, ಅದನ್ನು ನೋಡಿಕೊಂಡೇ ಮೊದಲಿನಿಂದ ಮಾಡಲು ಹೇಳಿ. ಅವರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೋ ಅಲ್ಲಿ ಮತ್ತೆ ಬರೆಯಿರಿ.