ಸೌಂಡ್ ಬಂದ್ ಮಾಡಿ ಆರಿಸಿದ ನನ್ನ ಫೇವರಿಟ್ ನಟ

ಫೇವರಿಟ್ ನಟ ಯಾರಲೇ ಅಂತ ಯಾರರ ಕೇಳಿದ್ರ ಮೊದಲೆಲ್ಲಾ ನಾ ಎದುರಿಗೆ ಕುಂತವರನ್ನ ನೋಡಿ ಹೆಸರು ಹೇಳ್ತಿದ್ದೆ. ರಾಜಣ್ಣನ ಅಭಿಮಾನಿ ಇದ್ರ ರಾಜಣ್ಣ, ವಿಷ್ಣುದಾದಾನ ಕಡೆಯವ್ರಿದ್ರ ವಿಷ್ಣುದಾದಾ, ಸುಮ್ಮ ಯಾಕ ಜಗಳ ಅಂತ. ಒಂದು ಆಷಾಢದಾಗ ಕೈಯಾಗ ಕೆಲಸ ಇರಲಿಲ್ಲ, ನಾ ಬಾಗಲಕೋಟಿ ನವನಗರದಾಗ ಮದುವಿ ವಿಡಿಯೋ ಎಡಿಟಿಂಗ್ ಮಾಡಾಂವ, ಆಷಾಢ ಅಂದ್ರ ನಮಗ ರಜಾನ, ಹಾರ್ಡ್ ಡಿಸ್ಕ್ ತುಂಬ ಹಳೇ ಪಿಕ್ಚರ್ ಇದ್ವು, ಈ ಸಲ ಕುಂತು ಬರೋಬ್ಬರಿ ಆರಿಸೇ ಬಿಡೂಣು ಅಂತ ಹಟಕ್ಕ ಬಿದ್ದೆ.

ಆರಿಸಬೇಕು ಅಂದ್ರ ಅಳತಿಗೋಲು ಒಂದು ಬೇಕಲ್ರಿ. ನಮ್ಮಪ್ಪನ ಅಳತಿಗೋಲು ದನಿ. ಬನದ ಹುಣ್ಣಿಮಿಗೆ ಬಾದಾಮಿ ಬನಶಂಕರಿ ಜಾತ್ರ್ಯಾಗ ನಾಟಕ ಕಂಪನಿಗಳು ಬಂದು ಟೆಂಟ್ ಹಾಕ್ತಾವ, ಅಪ್ಪ ಸಣ್ಣಾಂವ ಇದ್ದಾಗಿಂದ ಅವನ್ನ ನೋಡ್ಕೊಂತ ಬೆಳದಾಂವ, ಕಡೀ ಸಾಲಿನ್ಯಾಗ ಕುಂತವನ ಎದಿಗೆ ಹೋಗಿ ಬಡೀಬೇಕು ಅಂಥಾ ದನಿ ಇದ್ರ ಅಂವ ನಟ, ಇಲ್ಲಾಂದ್ರ ಇಲ್ಲ. ಅದಕ ಆತಗ 1967ರ ಇಮ್ಮಡಿ ಪುಲಿಕೇಶಿ ರಾಜಕುಮಾರ್ ಅಂದ್ರ ಮುಗೀತು, ಅದರಾಗೂ ನಮ್ಮ ಬಾದಾಮಿ ಅರಸನ ಪಾತ್ರ. ನನ್ನ ತಮ್ಮಗ ಶಂಕರನಾಗ್. ಬರೇ 35ನೇ ವಯಸ್ಸಿಗೆ ಹೋದ ಮನಷಾ ಅಷ್ಟರಾಗ ಆಕ್ಟಿಂಗು, ಡೈರೆಕ್ಷನ್ನು, ಮಾಲ್ಗುಡಿ ಡೇಸು ಎಲ್ಲಾ ಮಾಡಿದ್ನಲ್ಲ ಅಂತ ತಮ್ಮ ಅಂತಾನ. ಅದು ಖರೇ, ಆದ್ರ ಅದು ಮನಷಾನ ಮ್ಯಾಲಿನ ಅಭಿಮಾನ, ಒಂದು ಸೀನಿನ್ಯಾಗ ಏನ್ ಮಾಡ್ತಾರ ಅನ್ನೂದು ಬ್ಯಾರೇ ಲೆಕ್ಕ.

ಅವಾರ್ಡ್ ನೋಡಿ ಆರಿಸೂಣು ಅಂದ್ರ ಅದೂ ಹೊಂದಲಿಲ್ಲ. ಕನ್ನಡ ಪಿಕ್ಚರ್‌ಗೆ ನ್ಯಾಷನಲ್ ಬೆಸ್ಟ್ ಆಕ್ಟರ್ ಅವಾರ್ಡ್ ತೊಗೊಂಡವ್ರು ಚೋಮನ ದುಡಿಗೆ ಎಂ.ವಿ. ವಾಸುದೇವರಾವ್, ತಬರನ ಕಥೆಗೆ ಚಾರುಹಾಸನ್, ನಾನು ಅವನಲ್ಲ ಅವಳುಗೆ ಸಂಚಾರಿ ವಿಜಯ್, ಕಾಂತಾರಕ್ಕ ರಿಷಬ್ ಶೆಟ್ಟಿ. ರಾಜಣ್ಣಗ ನ್ಯಾಷನಲ್ ಅವಾರ್ಡ್ ಬಂದದ್ದು ಜೀವನ ಚೈತ್ರದಾಗ ಹಾಡಿದ್ದಕ್ಕ! ಅನಂತನಾಗ್‌ಗೆ ಬರಲೇ ಇಲ್ಲ. ಹಿಂಗಾದ ಮ್ಯಾಲೆ ಆ ಲಿಸ್ಟ್ ಹಿಡಕೊಂಡು ಏನ್ ಮಾಡೂದು.

ಕಡೀಕ ನನ್ನ ಧಂದೇದಾಗಿಂದನ ಅಳತಿಗೋಲು ಸಿಕ್ತು. ಮದುವಿ ಫೂಟೇಜ್ ಕಟ್ ಮಾಡೂವಾಗ ನಾ ಆಡಿಯೋ ಬಂದ್ ಇಟ್ಟಿರ್ತೀನಿ, ಒಳಗ ಬ್ಯಾಂಡಿನ ಗದ್ಲ ಬಿಟ್ರ ಏನೂ ಇರಂಗಿಲ್ಲ, ಹಾಡು ಆಮ್ಯಾಲೆ ಕೂಡಸೂದು. ಅಕ್ಕಿಕಾಳು ಬೀಳೂ ಟೈಮಿನ್ಯಾಗ ಒಂದು ಕ್ಯಾಮೆರಾ ಮದುಮಕ್ಕಳ ಮ್ಯಾಲೆ, ಇನ್ನೊಂದು ಹುಡುಗಿ ಅವ್ವನ ಮಾರಿ ಮ್ಯಾಲೆ. ಮಂದಿ ವಿಡಿಯೋ ನೋಡಿ ಕಣ್ಣೀರು ಹಾಕೂದು ಈ ಎರಡನೇ ಕ್ಯಾಮೆರಾಕ್ಕ. ಮೈಕ್ ಹಿಡದು ಮಾತಾಡೋರು ನಂಗ ಉಪಯೋಗ ಕಮ್ಮಿ, ಕೇಳ್ಕೊಂತ ನಿಂತವರ ಮಾರೀನ ವಿಡಿಯೋ ಎಳಕೊಂಡು ಹೋಗೂದು. ವರ್ಷಗಟ್ಟಲೆ ಇದನ್ನ ಮಾಡಿ ಪಿಕ್ಚರ್ ನೋಡೂವಾಗೂ ನನ್ನ ಕಣ್ಣು ತಾನ ಡೈಲಾಗ್ ಹೊಡಿಯೋರನ್ನ ಬಿಟ್ಟು ಬಾಜೂದವರ ಕಡೆ ಹೋಗ್ತೈತಿ. ಸರಿ, ಅದನ್ನ ಪರೀಕ್ಷೆ ಮಾಡಿಬಿಟ್ಟೆ. ಮೊದಲ ಪಿಕ್ಚರ್ ಪೂರಾ ಸೌಂಡ್ ಇಟ್ಟು ನೋಡೂದು, ಆಮ್ಯಾಲೆ ಎರಡ್ಮೂರು ದೊಡ್ಡ ಸೀನ್ ತೊಗೊಂಡು ಮ್ಯೂಟ್ ಮಾಡಿ ನೋಡೂದು, ಮಾತಾಡಾವನನ್ನ ನೋಡಂಗಿಲ್ಲ, ನಮ್ಮ ನಟ ಸುಮ್ಮ ಇದ್ದಾಗ ಏನ್ ಮಾಡ್ತಾನ ಅಷ್ಟ. ಭಾಳ ಮಂದಿ ಆವಾಗ ತಮ್ಮ ಪಾಳಿ ಕಾಯ್ಕೊಂತ ನಿಂತಿರ್ತಾರ್ರೀ, ಕಣ್ಣಾಗ ಏನೂ ಇರಂಗಿಲ್ಲ, ಮುಂದಿನ ಡೈಲಾಗ್ ನೆನಸ್ಕೊಳ್ಳಾಕ ಹತ್ತಿದ್ದು ಎದ್ದು ಕಾಣ್ತೈತಿ (ಯಾರ್ಯಾರು ಅಂತ ಬರದ್ರ ನಾ ಊರಾಗ ಇರೂದು ಕಷ್ಟ). ಹಳೇ ಪಿಕ್ಚರ್‌ನ್ಯಾಗ ಈ ಪರೀಕ್ಷೆ ಸುಲಭ, ಇಬ್ಬರನ್ನೂ ಒಂದ ಫ್ರೇಮಿನ್ಯಾಗ ನಿಂದರಿಸಿ ಉದ್ದ ಶಾಟ್ ಬಿಡ್ತಿದ್ರು, ಈಗ ಕಣ್ಣು ಮಿಟಕಸೂದ್ರಾಗ ಕಟ್ ಆಗಿರ್ತೈತಿ, ಕೇಳಾವನ ಮಾರಿ ಎಡಿಟರ್ ಕೊಟ್ಟಷ್ಟ.

ವಜ್ರಮುನಿಗೆ ಈ ಆಟದಾಗ ಅನ್ಯಾಯ ಆಗ್ತೈತಿ ಬಿಡ್ರಿ, ಆ ದನಿ ತಗದು ಬಿಟ್ರ ಅರ್ಧ ಮನಷಾನ್ನ ತಗದಂಗ. ರಾಜಣ್ಣ ಪಾಸ್. ಬಂಗಾರದ ಮನುಷ್ಯದಾಗ ಅಕ್ಕನ ಮಗ ಕೇಶವ ಬಾಯಿಗೆ ಬಂದಂಗ ಅನ್ನೂವಾಗ ರಾಜೀವನ ಮಾರಿ ನೋಡ್ರಿ, ಸಿಟ್ಟು ಬರಂಗಿಲ್ಲ, ಮೊದಲ ನಂಬಿಕಿ ಬರವಲ್ದು, ಆಮ್ಯಾಲೆ ನಂಬಿಕಿ ಬರ್ತೈತಿ, ಅದು ಇನ್ನೂ ಕೆಟ್ಟದ್ದು. ಅನಂತನಾಗ್ ಅವರ ಗೋಧಿ ಬಣ್ಣ ಸಾಧಾರಣ ಮೈಕಟ್ಟು ನೋಡಿದೆ, ಮರವಿನ ರೋಗದ ಪಾತ್ರ, ಎದುರಿನವ್ರು ಹೇಳಿದ ಮಾತು ಒಳಗ ಹೋತು, ಅಲ್ಲೇ ಎಲ್ಲೋ ಕಳದೂ ಹೋತು, ಎರಡೂ ಮಾರಿ ಮ್ಯಾಲೆ ಕಾಣ್ತಾವ.

ಇಷ್ಟೊತ್ತಿಗೆ ನನ್ನ ಹೆಣ್ತಿ ಚಾ ತಂದಿಟ್ಟು, ಹೆಣ್ಮಕ್ಕಳು ನಟರಲ್ಲೇನ್ರಿ ಅಂದ್ಲು. ಹೌದಲ್ಲ ಅಂತ 1971ರ ಶರಪಂಜರ ಹಚ್ಚಿದೆ. ಹುಚ್ಚಾಸ್ಪತ್ರಿಯಿಂದ ವಾಪಸ್ ಬಂದ ಕಾವೇರಿ, ಮನೀ ಮಂದಿ ಮಾತು, ನೆರಮನಿ ಮಂದಿ ಪಿಸಪಿಸ, ಆ ಪಿಕ್ಚರಿನ ಜೀವ ಇರೂದೇ ಕಲ್ಪನಾ ಅದನ್ನೆಲ್ಲಾ ಕೇಳಿಸ್ಕೊಳ್ಳೂದ್ರಾಗ. ನಾಟಕ ಆಡಾಕ ನಮ್ಮ ಕಡೆ ಬಂದಾಗ ಸಂಕೇಶ್ವರದ ಹತ್ರ ಗೋಟೂರಿನ್ಯಾಗ 1979ರಾಗ ತೀರಿಕೊಂಡ್ರು, ಬೆಳಗಾವಿ ಕಡೆ ಹಳೇ ಮಂದಿ ಇನ್ನೂ ಆ ಸುದ್ದಿ ತಗೀತಾರ. ಆಕೀನ ಫಸ್ಟ್ ಅಂತ ಬರದೂ ಇಟ್ಟಿದ್ದೆ.

ಆದ್ರ ಬಂಗಾರದ ಮನುಷ್ಯದ ಇನ್ನೊಂದು ಸೀನ್ ನೋಡಾಕ ಹೋದಾಗ ಕಣ್ಣು ರಾಜಣ್ಣನ ಬಿಟ್ಟು ಬಾಜೂಕ ಹೋತು. ರಾಚೂಟಪ್ಪ, ಅಂದ್ರ ಬಾಲಕೃಷ್ಣ, ನಮ್ಮ ಬಾಲಣ್ಣ. ರಾಜೀವ ಮಾತಾಡ್ಕೊಂತ ಇದ್ರ ಬಾಲಣ್ಣನ ಕಣ್ಣು ಆತನ ಬಾಯಿ ಬಿಟ್ಟು ಸರಿಯವಲ್ದು. ನಾ ಕೀಬೋರ್ಡಿನ ಬಾಣದ ಗುಂಡಿ ಒತ್ತಿ ಒಂದೊಂದ ಫ್ರೇಮ್ ಸರಿಸಿ ನೋಡಿದೆ, ಮಾತು ಇನ್ನೂ ಮುಗದಿರಂಗಿಲ್ಲ, ಹುಬ್ಬು ಏಳ್ತಾವ, ಗದ್ದ ಒಂಚೂರು ಮುಂದ ಬರ್ತೈತಿ, ಹೇಳಿದ್ದು ಮುಟ್ಟೇತಿ ಅಂತ ನಮಗ ಅಲ್ಲೇ ತಿಳೀತೈತಿ. ಈಗ ಮಜಾ ಕೇಳ್ರಿ, ಬಾಲಣ್ಣಗ ಕಿವಿ ಸರಿ ಕೇಳ್ತಿರಲಿಲ್ಲ! ಎದುರಿನವರ ತುಟಿ ನೋಡಿ ತಮ್ಮ ಡೈಲಾಗ್ ಹೇಳ್ತಿದ್ರು. 1943ರ ರಾಧಾರಮಣದಿಂದ ಶುರು ಮಾಡಿ ನೂರಾರು ಪಿಕ್ಚರ್, ಅದೂ ಕಾಮಿಡಿ, ಅರ್ಧ ಸೆಕೆಂಡ್ ಹಿಂದ ಮುಂದ ಆದ್ರ ನಗು ಸತ್ತು ಹೋಗೂ ಕೆಲಸ. ಮ್ಯಾಲೆ ಕೆಂಗೇರಿ ಕಡೆ ಅಭಿಮಾನ್ ಸ್ಟುಡಿಯೋ ಬ್ಯಾರೆ ಕಟ್ಟಿದ್ರು.

ಲಿಸ್ಟ್ ಹೇಳಿದಾಗ ನಮ್ಮ ಫೋಟೋಗ್ರಾಫರ್ ದೋಸ್ತ ಒಂದು ಚಲೋ ಪಾಯಿಂಟ್ ಹಾಕಿದ, ಲೇ, ಕೇಳಂಗಿಲ್ಲ ಅಂತ ತುಟಿ ನೋಡ್ತಿದ್ರು, ಅದು ಆಕ್ಟಿಂಗ್ ಹೆಂಗಾತು ಅಂತ. ನಾನೂ ಅದನ್ನ ವಿಚಾರ ಮಾಡಿದೆ. ತುಟಿ ನೋಡಿದ್ರ ಯಾವಾಗ ಮಾತಾಡಬೇಕು ಅಂತ ತಿಳೀತೈತಿ, ಹೆಂಗ ಕೇಳಬೇಕು ಅಂತ ತುಟಿ ಹೇಳಂಗಿಲ್ಲ. ರಾಚೂಟಪ್ಪ ಕೇಳೂದು ಅಕ್ಕರತಿಯಿಂದ, ಅದ ಬಾಲಣ್ಣ ಮನಿ ಮುರಿಯೂ ಪಾತ್ರ ಮಾಡಿದಾಗ ಕೇಳೂ ರೀತಿನ ಬ್ಯಾರೆ, ಕಣ್ಣು ಸಣ್ಣ ಆಗ್ತಾವ, ಇದರಾಗ ನಂಗೇನ್ ಸಿಗ್ತೈತಿ ಅಂತ ಒಳಗ ಲೆಕ್ಕ ನಡದಿರ್ತೈತಿ. ನೋಡೂದು ಒಂದ ತುಟಿ, ಕೇಳಾವ್ರು ಇಬ್ಬರು ಬ್ಯಾರೆ ಬ್ಯಾರೆ ಮಂದಿ. ದೋಸ್ತ ಅದಕ್ಕ ಮಾತಾಡಲಿಲ್ಲ, ಹಂಗಂತ ಒಪ್ಪಿದಾನ ಅಂತನೂ ಅಲ್ಲ.

ಹಿಂಗಾಗಿ ಫಸ್ಟ್ ಬಾಲಣ್ಣ, ಸೆಕೆಂಡ್ ಕಲ್ಪನಾ, ಮೂರಕ್ಕ ರಾಜಣ್ಣನೋ ಅನಂತನಾಗೋ ಅಂತ ಇನ್ನೂ ತೀರಿಲ್ಲ. ಅಪ್ಪ, ಬಾಲಣ್ಣಗ ಪುಲಿಕೇಶಿ ಆಗಾಕ ಬರ್ತಿತ್ತೇನಪಾ ಅಂತ ಕೇಳ್ತಾನ, ಬರ್ತಿರಲಿಲ್ಲ, ಒಪ್ಕೋತೀನಿ. ಈಗ ಬೆಳಗಾವಿ ದೋಸ್ತನೊಬ್ಬ ಬರೇ ಕನ್ನಡ ಪಿಕ್ಚರ್ ಹಿಡದ್ರ ಹೆಂಗ, ಅತುಲ್ ಕುಲಕರ್ಣಿ ನಮ್ಮ ಬೆಳಗಾವ್ಯಾಗ ಹುಟ್ಟಿದವ್ರು, ಹೇ ರಾಮ್‌ಗೂ ಚಾಂದನಿ ಬಾರ್‌ಗೂ ನ್ಯಾಷನಲ್ ಅವಾರ್ಡ್ ತೊಗೊಂಡವ್ರು, ಅವರನ್ನೂ ಮ್ಯೂಟ್ ಮಾಡಿ ನೋಡು ಅಂತ ಗಂಟು ಬಿದ್ದಾನ. ಚಾಂದನಿ ಬಾರ್ ಡೌನ್‌ಲೋಡಿಗೆ ಹಚ್ಚೀನಿ.