ಗಿಡ ತರುವ ಮೊದಲು ಬಿಸಿಲು ನೋಡಿ

ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಿಂದ ಬರುವವರ ಕೈಯಲ್ಲಿ ಎರಡು ಚೀಲ ಗಿಡ ಇದ್ದೇ ಇರುತ್ತದೆ. ಎಲ್ಲಿ ಇಡೋಣ ಅನ್ನುವ ಪ್ರಶ್ನೆ ಹುಟ್ಟುವುದು ಮನೆಗೆ ಬಂದ ಮೇಲೆ! ಕೈತೋಟದ ಕೆಲಸ ಇದಕ್ಕೆ ಪೂರ್ತಿ ಉಲ್ಟಾ ನಡೆಯಬೇಕು. ಬೆಂಗಳೂರಿನ 30×40 ಸೈಟಿನ ಮನೆಯನ್ನೇ ಇಟ್ಟುಕೊಂಡು ನೋಡೋಣ.

ಒಂದು ಹಾಳೆ ತಗೊಳ್ಳಿ. ಮನೆ, ಕಾಂಪೌಂಡು, ಸಂಪು, ನಲ್ಲಿ, ಪಕ್ಕದ ಮನೆ ಎಲ್ಲವನ್ನೂ ಗೀಚಿ, ಉತ್ತರ ದಿಕ್ಕು ಗುರುತು ಮಾಡಿ. ರಜೆಯ ದಿನ ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ಹೊರಗೆ ಬಂದು, ನೆರಳು ಬಿದ್ದ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ.

ಒಂದು ದಿನ ನೋಡಿದರೆ ಸಾಕಾಗುವುದಿಲ್ಲ ಅನ್ನುವುದೇ ಇಲ್ಲಿನ ತಕರಾರು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಮಧ್ಯಾಹ್ನವೂ 30 ಅಡಿ ಎತ್ತರದ ಕಟ್ಟಡದ ನೆರಳು ಉತ್ತರಕ್ಕೆ ಸುಮಾರು 22 ಅಡಿ ಚಾಚುತ್ತದೆ, ಅಂದರೆ ಮನೆಯ ಉತ್ತರದ ಓಣಿಗೆ ಚಳಿಗಾಲದಲ್ಲಿ ಬಿಸಿಲೇ ಇಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕಿರುತ್ತಾನೆ, ಆಗ ಅದೇ ಓಣಿಗೆ ಒಳ್ಳೆ ಬಿಸಿಲು. ಮೇ ತಿಂಗಳಲ್ಲಿ ನೋಡಿ ಅಲ್ಲಿ ಟೊಮೆಟೊ ನೆಟ್ಟವರು ಡಿಸೆಂಬರಿನಲ್ಲಿ ಗೊಬ್ಬರದ ಅಂಗಡಿಯವನನ್ನು ಬೈಯುತ್ತಾರೆ.

ಈಗ ಗಿಡ ಹಂಚಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆಗೆ ದಿನಕ್ಕೆ 6 ಗಂಟೆ ನೇರ ಬಿಸಿಲು ಬೇಕು. ಸೊಪ್ಪಿಗೆ 3-4 ಗಂಟೆ ಸಾಕು. ಅರೆನೆರಳಲ್ಲಿ ದೊಡ್ಡಪತ್ರೆ, ಅರಿಶಿನ, ಶುಂಠಿ ಹಾಯಾಗಿರುತ್ತವೆ. ಎತ್ತರದ ಗಿಡ ಮತ್ತು ಬಸಳೆಯ ಚಪ್ಪರ ಪಾತಿಯ ಉತ್ತರದ ಅಂಚಿಗೆ ಹೋಗಲಿ, ಇಲ್ಲದಿದ್ದರೆ ಉಳಿದವಕ್ಕೆ ಅವೇ ನೆರಳು. ಕರಿಬೇವು, ಕೊತ್ತಂಬರಿ ಅಡುಗೆಮನೆ ಬಾಗಿಲ ಹತ್ತಿರವೇ ಇರಲಿ, ಒಗ್ಗರಣೆ ಕಾದ ಮೇಲೆ ಹಿತ್ತಲ ಮೂಲೆಗೆ ಓಡುವವರು ಯಾರು?

ಪಾತಿಯ ಅಗಲ ನಾಲ್ಕು ಅಡಿ ದಾಟಬಾರದು, ಗೋಡೆಗೆ ಅಂಟಿದ್ದರೆ ಎರಡೇ ಅಡಿ. ನಡುವೆ ಕೈ ಎಟುಕಬೇಕು, ಮಣ್ಣು ತುಳಿಯಬಾರದು, ಅಷ್ಟೇ ಲೆಕ್ಕ. ನಡೆಯಲು ಒಂದೂವರೆ ಅಡಿ ದಾರಿ ಬಿಡಿ. ನುಗ್ಗೆ ಹಾಕುವ ಆಸೆ ಇದ್ದರೆ ಕಾರು, ಕರೆಂಟು ತಂತಿ ಎರಡರಿಂದಲೂ ದೂರ ಹಾಕಿ, ಅದರ ಕೊಂಬೆ ಗಾಳಿಗೆ ಲಟಕ್ ಎಂದು ಮುರಿಯುತ್ತದೆ.

ನೆಲದಲ್ಲಿ ಜಾಗವೇ ಇಲ್ಲ ಅನ್ನುವವರಿಗೆ ತಾರಸಿ. ಅಲ್ಲಿ ಬಿಸಿಲಿಗಿಂತ ಭಾರದ ಯೋಚನೆ ಜಾಸ್ತಿ. ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆಜಿ ಹೊರೆ ಹೊರುವಂತೆ ಕಟ್ಟುತ್ತಾರೆ. ಒಂದು ಅಡಿ ಆಳಕ್ಕೆ ತುಂಬಿದ ಒದ್ದೆ ಕೆಂಪುಮಣ್ಣು ಅಷ್ಟೇ ಜಾಗದಲ್ಲಿ ಸುಮಾರು 500 ಕೆಜಿ ತೂಗುತ್ತದೆ! ಹಾಗಾಗಿ ತಾರಸಿ ಮೇಲೆ ಮಣ್ಣು ಸುರಿದು ಪಾತಿ ಮಾಡುವ ಮಾತು ಬಿಡಿ. ಕುಂಡ, ಗ್ರೋಬ್ಯಾಗು (ಗಿಡ ಬೆಳೆಸುವ ಚೀಲ) ಇಡಿ, ಮಣ್ಣಿನ ಜೊತೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಬೆರೆಸಿ ಹಗುರ ಮಾಡಿ, ತೂಕದವನ್ನು ತೊಲೆಯ ಮೇಲೆ ಅಥವಾ ಗೋಡೆಯ ಗುಂಟ ಜೋಡಿಸಿ. ಕುಂಡದ ಕೆಳಗೆ ಇಟ್ಟಿಗೆ ಇರಲಿ, ನೀರು ನಿಂತರೆ ಸೋರುವುದು ನಿಮ್ಮದೇ ಮಲಗುವ ಕೋಣೆ.

ಬೀಜಕ್ಕೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳು ಚೆನ್ನಾಗಿವೆ. ಬೆಂಡೆಗೆ ಅರ್ಕಾ ಅನಾಮಿಕಾ, ಟೊಮೆಟೊಗೆ ಅರ್ಕಾ ರಕ್ಷಕ್. ಮೆಂತ್ಯ ಒಂದೇ ಸಲ ಪಾತಿ ತುಂಬ ಚೆಲ್ಲಬೇಡಿ, ಹತ್ತು ದಿನಕ್ಕೊಮ್ಮೆ ಒಂದೊಂದು ಸಾಲು ಹಾಕಿ. ಕೊತ್ತಂಬರಿ ಬೀಜವನ್ನು ಸುಮ್ನೆ ಅಂಗೈಯಲ್ಲಿ ಉಜ್ಜಿ ಎರಡಾಗಿ ಒಡೆದು ಬಿತ್ತಿ. ಸೊಗಡಿನ ಅವರೆಕಾಯಿಗೆ ಮಾತ್ರ ಈಗಲೇ ಒಂದು ಬಿಸಿಲ ಜಾಗ ಕಾಯ್ದಿರಿಸಿ. ಅದು ಹಗಲು ಚಿಕ್ಕದಾದಾಗಲೇ ಹೂ ಬಿಡುವುದು. ಜುಲೈ-ಆಗಸ್ಟಿನಲ್ಲಿ ಬಿತ್ತಿದರೆ ಡಿಸೆಂಬರಿಗೆ ಹಿತಕವರೆ ಬೇಳೆ ಸಾರಿಗೆ ಕಾಯಿ ಸಿಗುತ್ತದೆ.