ಕೆಂಪು ಯೀಸ್ಟ್ ನೀಲಿಯಾಗುವ ಹೊತ್ತು: ಜೀವಕೋಶ ಅರಗಿಸುವುದನ್ನು ಕಣ್ಣಾರೆ ನೋಡುವುದು ಹೇಗೆ?

ಪಠ್ಯಪುಸ್ತಕದ ಚಿತ್ರದಲ್ಲಿ ಅರಗಿಸುವ ಕಿಣ್ವಗಳ ಚೀಲವಾದ ಲೈಸೋಸೋಮ್ ಎಂದರೆ ಒಂದು ಚುಕ್ಕೆ. ಅದು ಯಾವಾಗ ಆಹಾರದ ಚೀಲಕ್ಕೆ ಬಂದು ಸೇರುತ್ತದೆ, ಅದಕ್ಕೂ ಮೊದಲು ಏನು ನಡೆದಿರುತ್ತದೆ ಎಂಬುದು ಅಲ್ಲಿ ಕಾಣುವುದಿಲ್ಲ. ಕೆರೆನೀರಿನ ಏಕಕೋಶ ಜೀವಿ ಪ್ಯಾರಮೀಸಿಯಂಗೆ ಬಣ್ಣ ಹಾಕಿದ ಯೀಸ್ಟ್ ತಿನ್ನಿಸಿದರೆ, ಕಾಲೇಜಿನ ಸಾಧಾರಣ ಮೈಕ್ರೋಸ್ಕೋಪಿನಲ್ಲೇ ಆ ಕ್ರಮವನ್ನು ನೋಡಬಹುದು.

ಪ್ಯಾರಮೀಸಿಯಂ ಬೆಳೆಸಲು ಒಂದು ಹಿಡಿ ಒಣ ಭತ್ತದ ಹುಲ್ಲನ್ನು 1 ಲೀಟರ್ ನೀರಿನಲ್ಲಿ 15 ನಿಮಿಷ ಕುದಿಸಿ. ನಲ್ಲಿನೀರಾದರೆ ಹಿಂದಿನ ರಾತ್ರಿಯೇ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟಿರಿ. ಕ್ಲೋರಿನ್ ಉಳಿದರೆ ಜೀವಿಗಳು ಸಾಯುತ್ತವೆ. ಕುದಿಸಿದ ನೀರನ್ನು ಎರಡು ದಿನ ಹಾಗೇ ಬಿಟ್ಟು, ಬ್ಯಾಕ್ಟೀರಿಯಾ ಬೆಳೆದು ಮಬ್ಬಾದ ಮೇಲೆ ಕೆರೆಯ ಜೊಂಡಿನ ಬುಡದ ನೀರನ್ನು ಅರ್ಧ ಲೋಟ ಸೇರಿಸಿ. ವಾರದೊಳಗೆ, ಕಪ್ಪು ಬಟ್ಟೆಯ ಎದುರು ಹಿಡಿದರೆ ಬಿಳಿ ಚುಕ್ಕೆಗಳು ಓಡಾಡುವುದು ಕಾಣಬಹುದು.

ಇನ್ನು ಯೀಸ್ಟ್. 10 ಮಿ.ಲೀ. ನೀರಿಗೆ 3 ಗ್ರಾಂ ಬೇಕರಿ ಯೀಸ್ಟ್, 30 ಮಿ.ಗ್ರಾಂ ಕಾಂಗೊ ರೆಡ್ ಹಾಕಿ 10 ನಿಮಿಷ ಸಣ್ಣಗೆ ಕುದಿಸಿ. ಕಾಂಗೊ ರೆಡ್ ಆಮ್ಲ ಹೆಚ್ಚಾದಾಗ ನೀಲಿಯಾಗುವ ಬಣ್ಣ. ಕುದಿಸದಿದ್ದರೆ ಅದು ಸರಿಯಾಗಿ ಹಿಡಿಯದು. ಆರಿದ ಮೇಲೆ ಯೀಸ್ಟ್ ತಳಕ್ಕಿಳಿಯಲು ಬಿಟ್ಟು ಮೇಲಿನ ಕೆಂಪು ನೀರನ್ನು ಎರಡು ಸಲ ಬಸಿಯಿರಿ. ಇಲ್ಲವಾದರೆ ಸ್ಲೈಡೆಲ್ಲ ಕೆಂಪಾಗಿ ಏನೂ ತಿಳಿಯದು. ಕಾಂಗೊ ರೆಡ್ ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ವಸ್ತು. ಗ್ಲೌಸ್ ಹಾಕಿಕೊಳ್ಳಿ, ಅಡುಗೆಮನೆಯ ಪಾತ್ರೆ ಮುಟ್ಟಲೇಬೇಡಿ.

ಸ್ಲೈಡಿನ ಮೇಲೆ ಕೆಲವು ಎಳೆ ಹತ್ತಿ ಹರಡಿ, ಒಂದು ಹನಿ ಪ್ಯಾರಮೀಸಿಯಂ ನೀರು ಬಿಡಿ. ಹತ್ತಿ ಅವುಗಳ ಓಟ ತಡೆಯುತ್ತದೆ, ಕವರ್ ಸ್ಲಿಪ್ ಅಡಿಯಲ್ಲಿ ಅವು ಅಪ್ಪಚ್ಚಿಯಾಗದಂತೆಯೂ ಕಾಯುತ್ತದೆ. ಹಲ್ಲುಕಡ್ಡಿಯ ತುದಿಗೆ ಅಂಟಿದಷ್ಟೇ ಯೀಸ್ಟ್ ಬೆರೆಸಿ, ಹೊತ್ತು ಬರೆದುಕೊಳ್ಳಿ. ಕವರ್ ಸ್ಲಿಪ್ ಮುಚ್ಚಿ, ನೀರು ಆರದಂತೆ ಅಂಚಿಗೆ ವ್ಯಾಸಲೀನ್ ಸವರಿ. 10ರ ಲೆನ್ಸಿನಲ್ಲಿ ಹುಡುಕಿ, 40ರಲ್ಲಿ ನಿಲ್ಲಿಸಿ.

ಬಾಯಿಯ ಕುಳಿಯ ತಳದಲ್ಲಿ ಯೀಸ್ಟ್ ಕಣಗಳು ಗಿರಗಿರ ತಿರುಗುತ್ತ ಒತ್ತಾಗಿ, ಉಂಡೆಯಾಗಿ, ಪುಟ್ಟ ಕೆಂಪು ಚೀಲವೊಂದು ಕಳಚಿಕೊಳ್ಳುತ್ತದೆ. ಇದೇ ಆಹಾರ ರಸದಾನಿ. ಅದರ ಮೇಲಿಂದ ಕಣ್ಣು ತೆಗೆಯಬೇಡಿ. ಕೆಲವೇ ನಿಮಿಷಗಳಲ್ಲಿ ಚೀಲ ಕುಗ್ಗಿ, ಕೆಂಪು ನೇರಳೆಗೆ ತಿರುಗಿ ನೀಲಿಯಾಗುತ್ತದೆ: ಆಮ್ಲ ತರುವ ಕಿರುಚೀಲಗಳು ಬಂದು ಕೂಡಿವೆ, ಪಿಎಚ್ (ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 3ರ ಹತ್ತಿರಕ್ಕೆ ಇಳಿದಿದೆ. ಲೈಸೋಸೋಮ್ ಇನ್ನೂ ಬಂದಿಲ್ಲ! ಮೊದಲು ಆಮ್ಲ, ಆಮೇಲೆ ಕಿಣ್ವ. ಈ ಹಂತದಲ್ಲೇ ಚೀಲದ ಹೆಚ್ಚುವರಿ ಪೊರೆಯೂ ತುಣುಕುಗಳಾಗಿ ಬೇರ್ಪಟ್ಟು ಮರುಬಳಕೆಗೆ ಹೋಗುತ್ತದೆ. ಅದನ್ನು ಕಾಣಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಮುಂದೆ ಲೈಸೋಸೋಮ್‌ಗಳು ಸೇರಿದಾಗ ಚೀಲ ಮತ್ತೆ ಉಬ್ಬಿ, ಆಮ್ಲ ತಗ್ಗಿ, ಬಣ್ಣ ಕೆಂಪಿಗೆ ಮರಳುತ್ತದೆ. ಅರಗದೆ ಉಳಿದದ್ದು ಹಿಂಭಾಗದ ಮಲರಂಧ್ರದಿಂದ ಹೊರಬೀಳುತ್ತದೆ.

ನಮ್ಮ ಜೀವಕೋಶಗಳಲ್ಲೂ ಯಾವುದು ಮರುಬಳಕೆಗೆ, ಯಾವುದು ಅರಗಲು ಎಂಬ ವಿಂಗಡಣೆಯ ಕೀಲಿಕೈ ಆಮ್ಲವೇ. ರಕ್ತದ ಎಲ್‌ಡಿಎಲ್ ಕೊಲೆಸ್ಟರಾಲ್ ಕಣ ಹೊರಪೊರೆಯ ಗ್ರಾಹಕ ಪ್ರೋಟೀನಿಗೆ ಅಂಟಿಕೊಂಡು ಒಳಬರುತ್ತದೆ. ಒಳಬಂದದ್ದನ್ನು ವಿಂಗಡಿಸುವ ಕಿರುಚೀಲವಾದ ಎಂಡೋಸೋಮ್‌ನಲ್ಲಿ ಪಿಎಚ್ 6ರ ಆಸುಪಾಸಿಗೆ ಇಳಿದಾಗ ಹಿಡಿತ ಸಡಿಲುತ್ತದೆ. ಗ್ರಾಹಕ ಹೊರಪೊರೆಗೆ ಹಿಂತಿರುಗಿದರೆ ಕಣ ಲೈಸೋಸೋಮ್ ಸೇರುತ್ತದೆ. ಈ ಗ್ರಾಹಕದ ದಾರಿಯನ್ನು ಬಿಡಿಸಿಟ್ಟ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರ ನೊಬೆಲ್ ಬಂತು.

ನೀಲಿ ಕಾಣಲೇ ಇಲ್ಲವೇ? ಹೆಚ್ಚಿನ ಸಲ ತಪ್ಪಾಗುವುದು ಹೊತ್ತಿನಲ್ಲಿ: ಸ್ಲೈಡ್ ಸಿದ್ಧಮಾಡುವಷ್ಟರಲ್ಲಿ ನೀಲಿ ಹಂತ ದಾಟಿರುತ್ತದೆ. ಹೊಸ ಹನಿ ತೆಗೆದುಕೊಂಡು, ಮೈಕ್ರೋಸ್ಕೋಪನ್ನು ಮೊದಲೇ ಹೊಂದಿಸಿಟ್ಟು, ಕೊನೆಗೆ ಯೀಸ್ಟ್ ಬೆರೆಸಿ.